ಎದುರು ಮತ

ಇಸ್ತ್ರಿ ಮಾಮನೂ ಅವನ ಹೆಂಡತಿಯೂ ರಾಜಕೀಯದಲ್ಲಿ ಎಣ್ಣೆ ಸೀಗೆಕಾಯಿ. ಉಳಿದದ್ದರಲ್ಲೆಲ್ಲ ಹಾಲು ಜೇನು ಎಂದು ಹೇಳಿಬಿಟ್ಟರೆ ಅದೂ ಪೂರ್ತಿ ನಿಜವಾಗುವುದಿಲ್ಲ. ಆದರೆ ಉಳಿದ ಜಗಳಗಳು ಊಟದ ಹೊತ್ತಿಗೆ ಮುಗಿಯುತ್ತಿದ್ದವು. ರಾಜಕೀಯದ್ದು ಮಾತ್ರ ಮದುವೆಯಾದಾಗಿನಿಂದ ಒಂದು ದಿನವೂ ಬಿಡುವಿಲ್ಲದೆ ನಡೆದುಕೊಂಡು ಬಂದಿತ್ತು. ಮಾಮ ಕೊಡೆ ಗುರುತಿನ ಪಕ್ಷದವನು. ಹೆಂಡತಿ, ಅಂದರೆ ಬೀದಿಗೆಲ್ಲ ಅತ್ತೆ, ಬಾಚಣಿಗೆ ಗುರುತಿನವಳು. ಬಾಚಣಿಗೆಯ ಮೇಲಿನ ಹಟಕ್ಕೇ ಇವರ ತಲೆ ಬೋಳಾಯಿತು ಎಂದು ಅವಳು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದಳು. ಮಾಮನೇನು ಸುಮ್ಮನಿರುತ್ತಿದ್ದನೇ? "ಹಲ್ಲಿಲ್ಲದ ಬಾಚಣಿಗೆ ಇಟ್ಕೊಂಡು ಇಷ್ಟು ಜಂಬ ನಿಂಗೆ" ಎನ್ನುತ್ತಿದ್ದ.

ಅವರ ಅಂಗಡಿಯಲ್ಲಿ ಒಂದು ಉದ್ದನೆಯ ಮೇಜು. ಮೇಜಿನ ಈಚೆಗೆ ಅತ್ತೆ. ಅವಳು ಬಟ್ಟೆಗಳ ಜೇಬು ತಡಕಿ, ಚಿಲ್ಲರೆ, ಕೀಲಿ, ಬಸ್ಸಿನ ಚೀಟಿ ಸಿಕ್ಕಿದರೆ ತೆಗೆದಿಟ್ಟು, ಕೈಯಿಂದ ನೀರು ಚಿಮುಕಿಸಿ, ಸುರುಳಿ ಸುತ್ತಿ ಆಚೆಗೆ ತಳ್ಳುತ್ತಾಳೆ. ಆಚೆಗೆ ನಿಂತ ಮಾಮ ಇಸ್ತ್ರಿ ಹಾಕಿ ಈಚೆಗೆ ತಳ್ಳುತ್ತಾನೆ. ಮಡಿಸುವ ಕೆಲಸ ಮತ್ತೆ ಅತ್ತೆಯದೇ. ಮೇಜಿನ ತುದಿಯಲ್ಲಿ ಒಂದು ರೇಡಿಯೋ. ವಾರ್ತೆ ಶುರುವಾಯಿತೆಂದರೆ ಯುದ್ಧ ಶುರುವಾಯಿತೆಂದೇ ಅರ್ಥ. ಮಾತು ಬಿಸಿಯಾದಷ್ಟೂ ಮಾಮನ ಕೈಗೆ ಹುರುಪು ಬರುತ್ತಿತ್ತು. ಮಂತ್ರಿಗಳು ರಾಜೀನಾಮೆ ಕೊಟ್ಟ ದಿನಗಳಲ್ಲಂತೂ ಬೀದಿಯ ಜನರ ಪ್ಯಾಂಟಿನ ಮಡಿಕೆ ಕೈಗೆ ತಾಗಿದರೆ ಕೊಯ್ಯುವಷ್ಟು ಚೂಪಾಗಿರುತ್ತಿತ್ತು.

ಚುನಾವಣೆಯ ದಿನ ಇಬ್ಬರೂ ಒಟ್ಟಿಗೇ ಹೋಗುತ್ತಿದ್ದರು. ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ ತಮ್ಮದನ್ನು ಸುಕ್ಕು ಸುಕ್ಕಾಗಿ ಉಟ್ಟು ತಿರುಗುವ ಆ ಜೋಡಿ ಅವತ್ತು ಮಾತ್ರ ಗರಿಗರಿಯಾಗಿ ಹೊರಡುತ್ತಿತ್ತು. ಮತ ಹಾಕಿ, ಮತಗಟ್ಟೆಯ ಎದುರಿನ ಟೀ ಅಂಗಡಿಯಲ್ಲಿ ಕೂತು ಟೀ ಕುಡಿದು, ದಾರಿಯುದ್ದಕ್ಕೂ ಕಿತ್ತಾಡುತ್ತ ವಾಪಸು ಬರುತ್ತಿತ್ತು. ಗಿರಾಕಿಯಾಗಿದ್ದ ಮೇಷ್ಟರೊಬ್ಬರು ಒಮ್ಮೆ ಕೇಳಿದ್ದರು: "ಅಲ್ಲ ಮಾರಾಯ, ನಿನ್ನ ಮತ ಅವಳು ಅಳಿಸಿ, ಅವಳ ಮತ ನೀನು ಅಳಿಸಿ ಬರೋದಕ್ಕೆ ಇಷ್ಟು ಸಡಗರ ಯಾಕೆ? ಇಬ್ಬರೂ ಮನೇಲಿ ಹೊದ್ದು ಮಲಗಿದ್ರೂ ಲೆಕ್ಕ ಅದೇ ಅಲ್ವಾ?"

"ನಾನು ಮಲಗಿದ್ರೆ ಇವಳು ಎದ್ದು ಹೋಗಿ ಹಾಕಿ ಬರ್ತಾಳೆ ಸ್ವಾಮಿ" ಎಂದ ಮಾಮ.

"ಇವರೂ ಅಷ್ಟೇ, ಕಣ್ಣು ಮುಚ್ಚೋಹಾಗಿಲ್ಲ" ಎಂದಳು ಅತ್ತೆ.

ಹೀಗೆ ಸುಖವಾಗಿದ್ದವರು ಅಂಗಡಿ ಬದಲಾಯಿಸಿದರು. ಬದಲಾಯಿಸಿದ್ದು ಎಂದರೆ ಬೇರೆ ಊರಿಗಲ್ಲ, ಬೇರೆ ಬೀದಿಗೂ ಅಲ್ಲ. ರಸ್ತೆಯ ಆ ಬದಿಯಿಂದ ಈ ಬದಿಗೆ. ಹಳೆಯ ಅಂಗಡಿಯ ಗೋಡೆ ಸದಾ ತೇವ, ಇಸ್ತ್ರಿ ಹಾಕಿದ ಬಟ್ಟೆ ಸಂಜೆಯೊಳಗೆ ಮೆತ್ತಗಾಗುತ್ತಿತ್ತು. ಎದುರಿನದು ಬಿಸಿಲು ಬೀಳುವ ಅಂಗಡಿ, ಮೇಲೆ ವಾಸಕ್ಕೆ ಎರಡು ಕೋಣೆ, ನಲ್ಲಿಯಲ್ಲಿ ನೀರು. ಅತ್ತೆಗೆ ಇಷ್ಟವಿರಲಿಲ್ಲ. ಹಳೆಯ ಮನೆಯ ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತಿತ್ತು, ಯಾರು ಬಂದರು ಯಾರು ಹೋದರು ಎಂಬ ಲೆಕ್ಕವೆಲ್ಲ ಅವಳ ಬಳಿ ಇರುತ್ತಿತ್ತು. ಮಾಮ ಹಟ ಮಾಡಿ ಒಪ್ಪಿಸಿದ. ಮೇಜನ್ನು ನಾಲ್ಕು ಜನ ಎತ್ತಿಕೊಂಡು ರಸ್ತೆ ದಾಟಿದರು, ಬಸ್ಸುಗಳು ನಿಂತು ದಾರಿ ಕೊಟ್ಟವು, ಅಷ್ಟಕ್ಕೆ ಎಲ್ಲ ಮುಗಿಯಿತು.

ಮುಗಿಯಲಿಲ್ಲ. ರಸ್ತೆಯ ಆ ಬದಿ ಒಂದು ವಾರ್ಡು, ಈ ಬದಿ ಇನ್ನೊಂದು. ಆ ಬದಿಯ ಮತದಾರರ ಪಟ್ಟಿಯಿಂದ ಹೆಸರು ತೆಗೆಸಿ, ಈ ಬದಿಯದಕ್ಕೆ ಹೊಸದಾಗಿ ಸೇರಿಸಬೇಕು. ಮೊದಲಾದರೆ ಅದೇನು ದೊಡ್ಡ ಕೆಲಸವಲ್ಲ. ಅಕ್ಕಪಕ್ಕದ ಇಬ್ಬರು "ಹೌದು, ಇವರು ನಮ್ಮವರೇ" ಎಂದು ಸಹಿ ಹಾಕಿದರೆ ಸಾಕಿತ್ತು. ಆ ವರ್ಷ ಹೊಸ ನಿಯಮ ಬಂದಿತ್ತು. ಹೊಸದಾಗಿ ಹೆಸರು ಸೇರಿಸುವವರು ತಾವು ಈ ದೇಶದ ಪ್ರಜೆ ಎಂದು ತೋರಿಸುವ ಕಾಗದ ತರಬೇಕು. ನಿಯಮ ತಂದದ್ದು ಕೊಡೆ ಪಕ್ಷ.

ಅದು ಬಂದಾಗ ಮೇಜಿನ ಮೇಲೆ ಮಹಾಯುದ್ಧವೇ ನಡೆದಿತ್ತು. "ಇಷ್ಟು ದಿನ ನಮ್ಮ ಮಾತು ನಂಬ್ತಿದ್ರು. ಈಗ ಎಲ್ಲರೂ ಕಳ್ಳರು ಅಂತ ಶುರು ಮಾಡಿದ್ದಾರೆ, ಕಳ್ಳರಲ್ಲ ಅಂತ ನಾವೇ ತೋರಿಸ್ಬೇಕಂತೆ" ಎಂದು ಅತ್ತೆ. "ತೋರಿಸೋದಕ್ಕೆ ಏನು ಕಷ್ಟ? ನನ್ನ ಹತ್ರ ಇದೆ, ತೋರಿಸ್ತೀನಿ. ಇಲ್ಲದವರು ಯಾಕಿಲ್ಲ ಅಂತ ತಮ್ಮನ್ನ ತಾವೇ ಕೇಳ್ಕೊಳ್ಳಲಿ" ಎಂದು ಮಾಮ. ಈ ಮಾತನ್ನು ಅವನು ಬಂದ ಗಿರಾಕಿಗಳಿಗೆಲ್ಲ ಒಂದೊಂದು ಸಲ, ಕೆಲವರಿಗೆ ಎರಡೆರಡು ಸಲ ಹೇಳಿದ.

ಹೆಂಡತಿಯ ಹತ್ತಿರ ಆ ಕಾಗದವಿದೆಯೇ ಎಂದು ಅವನು ಯೋಚಿಸಿರಲೇ ಇಲ್ಲ. ಕೇಳಿದವರು ನಗಬಹುದು. ಆದರೆ ಯಾವ ಗಂಡ ಯೋಚಿಸುತ್ತಾನೆ ಹೇಳಿ? ಹೆಂಡತಿ ಸಿಟ್ಟಾಗಿದ್ದಾಳೋ ಇಲ್ಲವೋ ಎಂದು ಯೋಚಿಸುತ್ತಾನೆ. ಈ ದೇಶದವಳೋ ಅಲ್ಲವೋ ಎಂದು ಯೋಚಿಸಲು ಅವನಿಗೇನು ತಲೆ ಕೆಟ್ಟಿದೆಯೇ?

ನೋಂದಣಿ ಕಚೇರಿಯಲ್ಲಿ ಮಾಮನ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಅವನು ಆಸ್ಪತ್ರೆಯಲ್ಲಿ ಹುಟ್ಟಿದವನು; ಅವನ ಅಮ್ಮ ಜನನ ಪತ್ರವನ್ನು ಸೀರೆಯ ಪೆಟ್ಟಿಗೆಯ ತಳದಲ್ಲಿ ಕಾಪಾಡಿಟ್ಟಿದ್ದಳು. ಕೌಂಟರಿನಲ್ಲಿ ಕೂತಿದ್ದ ಹೆಣ್ಣುಮಗಳು ನಗುಮುಖದವಳು. ಠಸ್ಸೆಂದು ಠಸ್ಸೆ ಒತ್ತಿ, "ಆಯ್ತು ಯಜಮಾನ್ರೇ. ಅಮ್ಮ, ನಿಮ್ಮದು?" ಎಂದಳು.

"ನನ್ನದು ಹುಟ್ಟಿದ ಕಾಗದ ಇಲ್ಲ ಕಣಮ್ಮ."

"ಪಾಸ್‌ಪೋರ್ಟು?"

"ಬಸ್ ಹತ್ತಿದ್ರೇ ವಾಂತಿ ಬರುತ್ತೆ ನಂಗೆ. ವಿಮಾನ ಎಲ್ಲಿಂದ ಹತ್ಲಿ?"

"ಹೋಗ್ಲಿ, ಶಾಲೆಯದ್ದು ಏನಾದ್ರೂ?"

"ಶಾಲೆಗೆ ಹೋಗಿದ್ರೆ ತಾನೇ."

ಅತ್ತೆ ಹುಟ್ಟಿದ್ದು ಆ ಊರಿನಲ್ಲೇ, ಹೊಳೆಯ ದಂಡೆಯಲ್ಲಿ. ಅವಳ ಅಪ್ಪ ಅಮ್ಮ ಸೇತುವೆ ಕಟ್ಟುವ ಕೆಲಸಕ್ಕೆ ಬಂದವರು. ಕೂಲಿಯವರ ತಗಡಿನ ಶೆಡ್ಡಿನಲ್ಲಿ, ಹೊರಗೆ ಕಲ್ಲು ಒಡೆಯುವ ಸದ್ದಿನ ನಡುವೆ, ಪಕ್ಕದ ಶೆಡ್ಡಿನ ಹೆಂಗಸರು ಹೆರಿಗೆ ಮಾಡಿಸಿದ್ದರು. ಶೆಡ್ಡು ಸೇತುವೆ ಮುಗಿದ ವಾರವೇ ಹೋಯಿತು. ಹೆರಿಗೆ ಮಾಡಿಸಿದವರು ಮುಂದಿನ ಸೇತುವೆಗೆ ಹೋದರು. ಅಪ್ಪ ಅಮ್ಮ ಇಲ್ಲೇ ಉಳಿದರು, ಇಲ್ಲೇ ತೀರಿಕೊಂಡರು. ಸೇತುವೆ ಮಾತ್ರ ಗಟ್ಟಿಯಾಗಿ ನಿಂತಿದೆ, ಬಸ್ಸುಗಳು ಇವತ್ತಿಗೂ ಅದರ ಮೇಲೆಯೇ ಓಡಾಡುತ್ತವೆ. ಆದರೆ ಸೇತುವೆ ಬಂದು ಸಾಕ್ಷಿ ಹೇಳುವುದಿಲ್ಲ.

"ಹಾಗಾದ್ರೆ ನೀವು ಈ ದೇಶದವರು ಅನ್ನೋದಕ್ಕೆ ಏನಿದೆ ಅಮ್ಮ?" ಎಂದು ಆ ಹೆಣ್ಣುಮಗಳು ಮೆಲ್ಲಗೆ ಕೇಳಿದಳು. ಕೇಳಲು ಅವಳಿಗೂ ಮುಜುಗರವಾಗಿತ್ತು.

ಅತ್ತೆ ಗಂಡನ ಕಡೆ ಕೈ ತೋರಿಸಿದಳು. "ಇವರಿದ್ದಾರಲ್ಲ. ಬೇರೆ ದೇಶ ಅಂತ ಒಂದಿದ್ದಿದ್ರೆ ಇವರನ್ನ ಬಿಟ್ಟು ಯಾವತ್ತೋ ಓಡಿಹೋಗ್ತಿದ್ದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು, ಕೌಂಟರಿನವಳೂ ನಕ್ಕಳು. ಮಾಮ ಮುಂದೆ ಬಾಗಿ, "ನಾನು ಹೇಳ್ತೀನಲ್ಲಮ್ಮ, ಕಟ್ಟಿಕೊಂಡ ಗಂಡ" ಎಂದ.

"ಗಂಡ ಹೇಳಿದ್ರೆ ಆಗಲ್ಲ ಯಜಮಾನ್ರೇ. ಕಾಗದ ಹೇಳ್ಬೇಕು."

"ಅಲ್ಲಮ್ಮ, ಆ ಬದಿಯ ಪಟ್ಟಿಯಲ್ಲಿ ಇಷ್ಟು ವರ್ಷ ನನ್ನ ಹೆಸರಿತ್ತು" ಎಂದಳು ಅತ್ತೆ. ಅವಳ ದನಿಯಲ್ಲಿದ್ದ ತಮಾಷೆ ಈಗ ಇಳಿದಿತ್ತು. "ಪ್ರತಿ ಸಲ ಹೋಗಿ ಹಾಕಿದ್ದೀನಿ. ರಸ್ತೆ ದಾಟಿದ್ದಕ್ಕೆ ಪರದೇಶದವಳಾದೆನಾ?"

ಅದಕ್ಕೆ ಉತ್ತರ ಕೊಡಬೇಕಾದವಳು ಆ ಹೆಣ್ಣುಮಗಳಲ್ಲ. ಅವಳು ಅರ್ಜಿಯನ್ನು ನಯವಾಗಿ ಹಿಂದಕ್ಕೆ ತಳ್ಳಿದಳು.

ದಾರಿಯಲ್ಲಿ ಅತ್ತೆ ಒಂದೇ ಮಾತು ಆಡಿದ್ದು. "ಈ ಸಲ ಗೆದ್ರಿ ಬಿಡಿ."

ಮಾರನೆಯ ದಿನದಿಂದ ಅಂಗಡಿಯಲ್ಲಿ ಯುದ್ಧ ನಿಂತಿತು. ಅತ್ತೆ ಮುನಿಸಿಕೊಂಡಿರಲಿಲ್ಲ, ಊಟ ಬಡಿಸುತ್ತಿದ್ದಳು, ನಗುತ್ತಿದ್ದಳು, ಜೇಬಿನಲ್ಲಿ ಸಿಕ್ಕ ಪ್ರೇಮಪತ್ರಗಳ ಬಗ್ಗೆ ಎಂದಿನಂತೆ ಗಿರಾಕಿಗಳ ಕಾಲೆಳೆಯುತ್ತಿದ್ದಳು. ರೇಡಿಯೋದಲ್ಲಿ ವಾರ್ತೆ ಬಂದರೆ ಮಾತ್ರ ಕಿವುಡಿಯಾಗುತ್ತಿದ್ದಳು. ಮಾಮ ಸುಮ್ಮನಿರದೆ ಕೆಣಕಿ ನೋಡಿದ.

"ಕೇಳಿದ್ಯಾ? ನಮ್ಮ ಕೊಡೆಯವರು ಊರಿನ ರಸ್ತೆಗಳನ್ನೆಲ್ಲ ಕನ್ನಡಿ ಹಾಗೆ ಮಾಡ್ತಾರಂತೆ."

"ಮಾಡ್ಲಿ ಪಾಪ."

"ನಿಮ್ಮ ಬಾಚಣಿಗೆಯವರು ನಮ್ಮ ಯೋಜನೆಯನ್ನೇ ಕದ್ದು ತಮ್ಮದು ಅಂತ ಹೇಳ್ಕೊಂಡು ತಿರುಗ್ತಿದ್ದಾರೆ."

"ಇರಬಹುದು."

ಇರಬಹುದು! ಮಾಮ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತುಬಿಟ್ಟ. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಈ ಮಾತು ಬಂದಿರಲಿಲ್ಲ. ಅದೇ ಹೊತ್ತಿಗೆ ಸುಟ್ಟ ವಾಸನೆ ಬಂತು, ನೋಡಿದರೆ ಮೇಷ್ಟರ ಅಂಗಿಯ ಕಾಲರು ಕಂದಾಗಿತ್ತು. ಮಾಮ ಹಾಗೆ ಬಟ್ಟೆ ಸುಟ್ಟವನೇ ಅಲ್ಲ.

ಭಾನುವಾರ ಮಗಳು ಬಂದಳು. ಅವಳು ನಗರದ ಬಸ್ಸಿನಲ್ಲಿ ಕಂಡಕ್ಟರು. ಯಾರ ಮುಖದಲ್ಲಿ ಏನಿದೆ ಎಂದು ಮೆಟ್ಟಿಲು ಹತ್ತುವಾಗಲೇ ಅವಳಿಗೆ ತಿಳಿಯುತ್ತದೆ. ಅಪ್ಪನ ಮೋರೆ ನೋಡಿ ಅವನನ್ನು ಮೂಲೆಗೆ ಎಳೆದುಕೊಂಡು ಹೋದಳು. "ಅಮ್ಮನ ಜೊತೆ ಜಗಳ ಆಡಿದ್ಯಾ ಅಪ್ಪ?"

"ಇಲ್ಲ ಕಣೇ" ಎಂದ ಮಾಮ ಸಣ್ಣ ದನಿಯಲ್ಲಿ. "ಅದೇ ಕಷ್ಟ ಆಗಿರೋದು."

ಇನ್ನು ಸುಮ್ಮನಿದ್ದರೆ ಆಗದು ಎಂದು ಮಾಮ ತನ್ನ ಪಕ್ಷದ ವಾರ್ಡಿನ ಮುಖಂಡನ ಹತ್ತಿರ ಹೋದ. ಆ ಮನುಷ್ಯನಿಗೆ ಬೀದಿಯವರು ಮೈಕು ಎಂದು ಹೆಸರಿಟ್ಟಿದ್ದರು. ಪಕ್ಕದಲ್ಲಿ ಕೂತವರ ಜೊತೆಯೂ ಮೈದಾನದಲ್ಲಿ ನಿಂತವನ ಹಾಗೆ ಮಾತಾಡುತ್ತಿದ್ದ. ಅವನ ಬಿಳಿ ಅಂಗಿಗಳೆಲ್ಲ ಮಾಮನ ಕೈಯಿಂದಲೇ ಹೋಗುವುದು.

"ಇಷ್ಟೇನಾ ಮಾಮ!" ಎಂದು ಮೈಕು ಬೆನ್ನು ತಟ್ಟಿದ. "ಈ ನಿಯಮ ನಿಮ್ಮಂಥವರಿಗಲ್ಲ. ಎಲ್ಲಿಂದಲೋ ಬಂದವರಿಗೆ. ಆಸ್ಪತ್ರೆಯಲ್ಲಿ ನನಗೆ ಗೊತ್ತಿರೋರು ಇದ್ದಾರೆ. ಅಲ್ಲೇ ಹುಟ್ಟಿದ್ರು ಅಂತ ಒಂದು ಕಾಗದ ಮಾಡಿಸಿ ಕೊಡ್ತೀನಿ. ಅತ್ತೆಗೆ ಹೇಳಿ, ಬಾಯಿ ಬಿಡಬಾರದು ಅಷ್ಟೆ."

ಮಾಮ ಕುಣಿಯುವುದೊಂದು ಬಾಕಿ. ಓಡಿ ಬಂದು ಹೆಂಡತಿಗೆ ಹೇಳಿದ. ಅತ್ತೆ ನೀರು ಚಿಮುಕಿಸುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡಳು.

"ನಮ್ಮಮ್ಮ ತಗಡಿನ ಕೆಳಗೆ, ಬಿಸಿಲಲ್ಲಿ ನನ್ನ ಹೆತ್ತಳು. ಹೆತ್ತ ವಾರಕ್ಕೇ ಕಲ್ಲು ಹೊರೋಕೆ ಹೋದಳು. ಅವಳು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಳು ಅಂತ ನಾನು ಸುಳ್ಳು ಹೇಳ್ಬೇಕಾ?"

"ಒಂದು ಕಾಗದ ಕಣೇ, ಯಾರು ನೋಡ್ತಾರೆ?"

"ನಾನು ನೋಡ್ತೀನಲ್ರೀ. ಅದೂ ಅಲ್ದೆ, ನನಗೇನೋ ಅಂಗಿ ಇಸ್ತ್ರಿ ಮಾಡೋ ಗಂಡ ಇದ್ದಾನೆ, ಆ ಗಂಡನಿಗೆ ಮೈಕು ಇದ್ದಾನೆ. ಆ ಹೂ ಮಾರೋ ಅಜ್ಜಿಗೆ ಯಾರಿದ್ದಾರೆ? ಮನೆಗೆ ಬೆಂಕಿ ಬಿದ್ದು ಎಲ್ಲ ಕಳ್ಕೊಂಡ ನಮ್ಮ ಬೀದಿ ಕಾವಲುಗಾರನಿಗೆ ಯಾರಿದ್ದಾರೆ? ಅವರೂ ಅವತ್ತು ನನ್ನ ಹಿಂದೇನೇ ಸಾಲಲ್ಲಿ ನಿಂತಿದ್ರು. ನಿಮಗೆ ಕಾಣಿಸಲಿಲ್ಲ."

ಮಾಮನಿಗೆ ಸಿಟ್ಟು ಬಂತು. ತಾನು ಇಷ್ಟು ಓಡಾಡಿ ಮಾಡಿಕೊಂಡು ಬಂದರೆ ಹೀಗೆ ಕಡ್ಡಿ ಮುರಿದ ಹಾಗೆ ಬೇಡ ಎನ್ನುವುದೇ? ಊಟ ಬೇಡ ಎಂದು ಹೇಳಿ ಮೇಲೆ ಹೋಗಿ ಕೂತ. ಹೊಟ್ಟೆ ಚುರುಗುಟ್ಟಿದಾಗ ಕೆಳಗೆ ಬಂದು ಊಟ ಮಾಡಿದ. ಉಣ್ಣುತ್ತ ಇರುವಾಗ, ನಿಜಕ್ಕೂ ತನಗೆ ಆ ಅಜ್ಜಿ ಸಾಲಿನಲ್ಲಿ ಕಾಣಿಸಿರಲಿಲ್ಲ ಎಂಬುದು ಹೊಳೆಯಿತು. ಇಲ್ಲದವರು ತಮ್ಮನ್ನು ತಾವೇ ಕೇಳಿಕೊಳ್ಳಲಿ ಎಂದು ಊರಿಗೆಲ್ಲ ಹೇಳಿದ ಮಾತು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ನಿಯಮದ ಬಗ್ಗೆ ಜನರ ಆಕ್ಷೇಪಣೆ ಕೇಳಲು ಶಾಲೆಯ ಸಭಾಂಗಣದಲ್ಲಿ ಒಂದು ಸಭೆ ಇದೆ ಎಂದು ಮಗಳು ಸುದ್ದಿ ತಂದಳು. ಸಭೆಯ ದಿನ ಕನ್ನಡಕದ ಅಧಿಕಾರಿಯೊಬ್ಬರು ವೇದಿಕೆಯ ಮೇಲೆ, ಕೆಳಗೆ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಲಾಗದೆ ಕೂತ ದೊಡ್ಡವರು. ಮುಂದಿನ ಸಾಲಿನಲ್ಲಿ ಮೈಕು, ಮಾಮ ಇಸ್ತ್ರಿ ಹಾಕಿದ ಅಂಗಿಯಲ್ಲಿ. ಹಿಂದಿನ ಸಾಲಿನಲ್ಲಿ ಅತ್ತೆ, ಮಗಳು, ಹೂವಿನ ಅಜ್ಜಿ. ಮಾಮ ಏಳುತ್ತಾನೆಂದು ಯಾರೂ ಎಣಿಸಿರಲಿಲ್ಲ, ಅವನೂ ಎಣಿಸಿರಲಿಲ್ಲ.

"ಸ್ವಾಮಿ, ನಾನು ಕೊಡೆ ಪಕ್ಷದವನು" ಎಂದ. "ಇವತ್ತೂ ಅದೇ, ನಾಳೆಯೂ ಅದೇ. ನನ್ನ ಹೆಂಡತಿ ಬಾಚಣಿಗೆಯವಳು. ಮದುವೆಯಾದಾಗಿನಿಂದ ನನ್ನ ಮತವನ್ನ ಇವಳು ಹೊಡೆದು ಹಾಕ್ತಾ ಬಂದಿದ್ದಾಳೆ. ಈಗ ಇವಳ ಹೆಸರು ಪಟ್ಟಿಯಲ್ಲಿಲ್ಲ."

"ಹಾಗಾದ್ರೆ ನಿನಗೆ ಲಾಭ ಆಯ್ತಲ್ಲಯ್ಯಾ!" ಎಂದು ಯಾರೋ ಕೂಗಿದರು. ಸಭಾಂಗಣ ನಗೆಯಿಂದ ತುಂಬಿತು.

"ಅದೇ ನಾನೂ ಹೇಳ್ತಿರೋದು" ಎಂದ ಮಾಮ. ನಗು ನಿಲ್ಲುವವರೆಗೆ ಕಾದ. "ಎದುರಿಗೆ ಆಡೋರನ್ನ ಮೈದಾನದಿಂದ ಆಚೆ ಕಳಿಸಿ, ಆಮೇಲೆ ಗೆದ್ದೆ ಗೆದ್ದೆ ಅಂತ ಕುಣಿದ್ರೆ ಅದು ಗೆಲುವಾ ಸ್ವಾಮಿ? ನನಗೆ ನಾಚಿಕೆ ಆಗುತ್ತೆ. ಇವಳು ಈ ಊರಿನ ಸೇತುವೆ ಬುಡದಲ್ಲಿ ಹುಟ್ಟಿದವಳು. ಕಾಗದ ಇಲ್ಲ, ನಿಜ. ಕಾಗದ ಇಲ್ಲ ಅಂದ್ರೆ ಹುಟ್ಟೇ ಇಲ್ಲ ಅಂತಾನಾ? ಮನೆಗಳಲ್ಲಿ, ಶೆಡ್ಡುಗಳಲ್ಲಿ ಹುಟ್ಟಿದವರು ಇಲ್ಲಿ ಎಷ್ಟೋ ಜನ ಕೂತಿದ್ದಾರೆ. ಸುಳ್ಳು ಹೇಳೋನು ಸುಳ್ಳು ಕಾಗದ ತರ್ತಾನೆ, ಅದು ಎಲ್ಲಿ ಸಿಗುತ್ತೆ ಅಂತ ನನಗೇ ಗೊತ್ತು. ನಿಜ ಹೇಳೋಳು ಬರಿಗೈಲಿ ವಾಪಸು ಹೋಗ್ತಾಳೆ. ಮೊದಲಿನ ಹಾಗೆ ಅಕ್ಕಪಕ್ಕದವರ ಮಾತು ನಂಬಿ. ತಪ್ಪು ಹೇಳಿದ್ರೆ ಶಿಕ್ಷೆ ಕೊಡಿ. ನನ್ನ ಪಕ್ಷದವರೇ ಮಾಡಿದ ನಿಯಮ ಇದು, ನನ್ನ ಪಕ್ಷದವನಾಗೇ ಬೇಡ ಅಂತಿದ್ದೀನಿ."

ಮೈಕು ಅವತ್ತು ಮೊದಲ ಬಾರಿಗೆ ಪಿಸುಮಾತಿನಲ್ಲಿ ಮಾತಾಡಿದ. "ಏನು ಮಾಮ, ಹೀಗೆ ಮರ್ಯಾದೆ ತೆಗೆದುಬಿಟ್ರಿ?" ಮಾಮ ಕೂತುಕೊಂಡ. ಹಿಂದಿನ ಬೆಂಚಿನಲ್ಲಿ ಹೂವಿನ ಅಜ್ಜಿ ಎದ್ದಳು, ಆಮೇಲೆ ಕಾವಲುಗಾರ, ಆಮೇಲೆ ಮೇಷ್ಟರು. ಸಭೆ ಸಂಜೆಯವರೆಗೂ ನಡೆಯಿತು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, ಮೇಲಕ್ಕೆ ಕಳಿಸುತ್ತೇನೆ, ಆದರೆ ಈ ಚುನಾವಣೆಯೊಳಗೆ ಉತ್ತರ ಬರುವುದು ಕಷ್ಟ ಎಂದರು.

ಹೊರಗೆ ಬಂದಾಗ ಅತ್ತೆ ಗಂಡನ ಪಕ್ಕಕ್ಕೆ ಬಂದು ನಡೆದಳು. "ಕಾಲು ನಡುಗ್ತಿತ್ತು ನಿಮಗೆ" ಎಂದಳು. ಅವಳ ಕಣ್ಣು ತುಂಬಿತ್ತು. ಆದರೂ ರಾಜಕೀಯದ ಮಾತು ಅವಳ ಬಾಯಿಂದ ಬರಲಿಲ್ಲ. ಮಾಮ ಕಾದ, ಮಾರನೆಯ ದಿನವೂ ಕಾದ. ಮೈಕಿನ ಅಂಗಿಗಳು ಕೆಲವು ದಿನ ಬೇರೆ ಅಂಗಡಿಗೆ ಹೋಗಿ, ಕಾಲರು ಸರಿಯಾಗಿ ನಿಲ್ಲದೆ ಮತ್ತೆ ಇವರಲ್ಲಿಗೇ ಬಂದವು. ಅತ್ತೆಯ ಎದುರುವಾದ ಮಾತ್ರ ಮರಳಿ ಬರಲಿಲ್ಲ. "ಮತ ಇಲ್ಲದವಳಿಗೆ ಯಾಕ್ರೀ ಅದೆಲ್ಲ?" ಎಂದು ಒಂದು ಸಲ ನಗುತ್ತಲೇ ಹೇಳಿದಳು. ಆ ನಗು ನೋಡಿ ಮಾಮ ರೇಡಿಯೋ ಆರಿಸಿದ.

ಚುನಾವಣೆಯ ದಿನ ಬೆಳಿಗ್ಗೆ ಅತ್ತೆ ಅವನ ಅಂಗಿಗೆ ತಾನೇ ಇಸ್ತ್ರಿ ಹಾಕಿದಳು. ತನ್ನ ಸೀರೆಗೂ ಹಾಕಿಕೊಂಡಳು. "ನೀನೂ ಬರ್ತೀಯಾ?" ಎಂದು ಮಾಮ ಕೇಳಿದ.

"ಗೇಟಿನವರೆಗೆ ಬರ್ತೀನಿ. ಟೀ ಕುಡಿಯೋದಕ್ಕೂ ಕಾಗದ ಬೇಕಾ?"

ಮತಗಟ್ಟೆಯ ಬಾಗಿಲಲ್ಲಿ ಅವಳು ನಿಂತಳು, ಅವನು ಒಳಗೆ ಹೋದ. ಸಾಲಿನಲ್ಲಿ ತನ್ನ ಹಿಂದೆ ನಿಂತು ಭುಜಕ್ಕೆ ತಿವಿಯುವವರು ಯಾರೂ ಇರಲಿಲ್ಲ. ಚೀಟಿ ಹಿಡಿದು ಮರೆಯ ಹಿಂದೆ ನಿಂತಾಗ ಕೊಡೆಯೂ ಬಾಚಣಿಗೆಯೂ ಒಂದರ ಕೆಳಗೊಂದು ಕಾಣಿಸಿದವು. ಮಾಮ ಬಹಳ ಹೊತ್ತು ನೋಡಿದ. ಹೊರಗಿನಿಂದ ಸಿಬ್ಬಂದಿ ಕೆಮ್ಮಿದರು. ಅವನು ಹಲ್ಲು ಕಚ್ಚಿ, ಜೀವನದಲ್ಲಿ ಮೊದಲ ಬಾರಿಗೆ, ಬಾಚಣಿಗೆಯ ಮೇಲೆ ಮುದ್ರೆ ಒತ್ತಿದ. ಒತ್ತಿದ ಮೇಲೆ ಎದೆ ಹಗುರಾಯಿತು. ಹೆಂಡತಿಗೆ ಇಷ್ಟು ವರ್ಷದಲ್ಲಿ ಹೇಳಿಕೊಳ್ಳುವಂಥದ್ದೇನೂ ಕೊಡಿಸಿರಲಿಲ್ಲ; ಇವತ್ತು ಕೊಟ್ಟೆ ಅನ್ನಿಸಿತು.

ಟೀ ಅಂಗಡಿಯಲ್ಲಿ ಅವಳು ಎರಡು ಟೀ ಹೇಳಿ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಹೂವಿನ ಅಜ್ಜಿಯೂ ಇದ್ದಳು, ಮತ ಹಾಕಿ ಬಂದ ಮೇಷ್ಟರೂ ಇದ್ದರು.

"ಹಾಕಿದ್ರಾ?"

"ಹಾಕಿದೆ." ಮಾಮ ಅವಳ ಕಿವಿಯ ಹತ್ತಿರ ಬಾಗಿದ. "ಬಾಚಣಿಗೆಗೆ ಹಾಕಿದೆ ಕಣೇ. ನಿನ್ನ ಮತ ನಾನು ಹಾಕಿ ಬಂದೆ."

ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅತ್ತೆ ಲೋಟವನ್ನು ಟಣ್ಣೆಂದು ಕೆಳಗಿಟ್ಟಳು.

"ಬುದ್ಧಿ ಇದೆಯೇನ್ರೀ ನಿಮಗೆ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾಮ ಇಂಗು ತಿಂದ ಮಂಗನ ಹಾಗೆ ಮೋರೆ ಮಾಡಿಕೊಂಡು, "ನಿನಗೋಸ್ಕರ ಕಣೇ..." ಎಂದ.

"ನನಗೋಸ್ಕರ ನೀವ್ಯಾಕೆ ಹಾಕ್ಬೇಕು? ನನಗೇನು ಕೈ ಇಲ್ವಾ? ನನ್ನದು ನೀವು ಹಾಕಿದ್ರಿ, ಸರಿ. ನಿಮ್ಮದನ್ನ ಯಾರು ಹಾಕಿದ್ರು?"

ಆ ಲೆಕ್ಕ ಮಾಮ ಹಾಕಿರಲೇ ಇಲ್ಲ.

"ನಮ್ಮ ಮನೆಯಿಂದ ಎರಡು ಮತ ಬೀಳ್ತಿತ್ತು" ಎಂದಳು ಅತ್ತೆ. "ನಿಮ್ಮ ನಿಯಮ ಬಂದು ಒಂದಾಯ್ತು. ಆ ಒಂದನ್ನಾದ್ರೂ ನೆಟ್ಟಗೆ ಹಾಕಿ ಬರ್ತೀರಾ ಅಂದ್ಕೊಂಡ್ರೆ, ನಿಮ್ಮ ಮನಸ್ಸಿನದ್ದೂ ಅಲ್ಲ, ನನ್ನ ಕೈಯದ್ದೂ ಅಲ್ಲ, ಹಾಗೆ ಮಾಡಿ ಬಂದ್ರಿ. ಈಗ ನಮ್ಮ ಮನೇಲಿ ಯಾರು ಮತ ಹಾಕಿದ ಹಾಗಾಯ್ತು ಹೇಳಿ?"

"ಹೋಗ್ಲಿ ಬಿಡೇ, ನಿನ್ನ ಪಕ್ಷಕ್ಕೆ ಒಂದು ಹೆಚ್ಚಾಯ್ತಲ್ಲ."

"ಅಯ್ಯೋ ಪಾಪ ಅಂತ ಹಾಕಿದ ಮತ ನನ್ನ ಪಕ್ಷಕ್ಕೆ ಬೇಡ! ನಿಮಗೆ ಆ ಕೊಡೆಯವರು ಅಷ್ಟು ಇಷ್ಟ ಇದ್ರೆ ಅವರಿಗೇ ಹಾಕಿ, ಊರು ಹಾಳು ಮಾಡೋ ಪುಣ್ಯಾತ್ಮರಿಗೆ. ಅವರನ್ನ ಸೋಲಿಸೋದಕ್ಕೆ ನಾನಿದ್ದೀನಿ. ನೀವ್ಯಾಕೆ ಮಧ್ಯೆ ಕೈ ಹಾಕ್ತೀರಾ?"

ಮಾಮ ಬಾಯಿ ತೆರೆದು ಅವಳನ್ನೇ ನೋಡಿದ. ಅವಳ ಮೂಗು ಕೆಂಪಾಗಿತ್ತು, ಕೈ ಗಾಳಿಯಲ್ಲಿ ಆಡುತ್ತಿತ್ತು. ವಾರಗಟ್ಟಲೆ ಕಾಣದಿದ್ದ ತನ್ನ ಹೆಂಡತಿಯನ್ನು ಅವನು ಟೀ ಅಂಗಡಿಯಲ್ಲಿ ನೋಡುತ್ತಿದ್ದ. ಸಂತೋಷ ತಡೆಯಲಾರದೆ ಅವನೂ ದನಿ ಎತ್ತಿದ.

"ಊರು ಹಾಳು ಮಾಡಿದ್ದು ಯಾರು? ಆ ಒಳಚರಂಡಿ ಯಾರ ಕಾಲದಲ್ಲಿ ಕುಸೀತು? ಸೋಲಿಸ್ತಾಳಂತೆ! ಪಟ್ಟಿಯಲ್ಲಿ ಹೆಸರಿಲ್ಲದೆ ಹೇಗೆ ಸೋಲಿಸ್ತೀಯಾ?"

"ಸೇರಿಸ್ಕೊಂಡು ಸೋಲಿಸ್ತೀನಿ. ನಾಳೆ ಅಂಗಡಿ ತೆಗೆಯೋಕೆ ಮುಂಚೆ ಮತ್ತೆ ಆ ಕಚೇರಿಗೆ ಹೋಗ್ತೀನಿ. ಅಜ್ಜಿನೂ ಬರ್ತಾರೆ. ಆಗಲ್ಲ ಅಂದ್ರೆ ನಾಡಿದ್ದು. ನೀವೂ ಬನ್ನಿ."

"ನನ್ನ ಪಕ್ಷಾನ ಸೋಲಿಸೋದಕ್ಕೆ ನಾನ್ಯಾಕೆ ಬರ್ಲಿ?"

"ಮತ್ತೆ ನನ್ನ ಬಿಟ್ರೆ ನಿಮಗೆ ಎದುರಾಡೋರು ಯಾರಿದ್ದಾರೆ?" ಎಂದು ಅತ್ತೆ ತನ್ನ ಟೀ ಲೋಟ ಎತ್ತಿಕೊಂಡಳು. "ಬೆಳಿಗ್ಗೆ ಬೇಗ ಏಳಿ."

ಮಾಮ ಏಳುತ್ತೇನೆ ಎಂದ.